ಎಚ್ಚರವಿದ್ದ ಕೆಂಗಣ್ಣಿಗೆ ಶಿಕ್ಷೆ, ತೂಕಡಿಸುವ ಬಿಳಿಗಣ್ಣಿಗೆ ಸ್ಟೀರಿಂಗು

ಮಾನ್ಯ ಡಿಪೋ ವ್ಯವಸ್ಥಾಪಕರೇ,

ನನ್ನ ಅಪ್ಪ ಪೂರ್ತಿ ಎಚ್ಚರವಾಗಿದ್ದ ದಿನ ನೀವು ಅವರನ್ನು ಕುಡುಕ ಅಂದಿರಿ. ನಿದ್ದೆಗಣ್ಣಲ್ಲಿ ಬಂದ ದಿನ ಬೆನ್ನು ತಟ್ಟಿ ಬಸ್ಸು ಕೊಟ್ಟಿರಿ. ಆ ಬಸ್ಸನ್ನು ಅವರೇ ರಸ್ತೆ ಪಕ್ಕ ನಿಲ್ಲಿಸಿ ಜನರ ಜೀವ ಉಳಿಸಿದ್ದಕ್ಕೆ ಅಮಾನತು ಮಾಡಿದಿರಿ. ತಮ್ಮ ಈ ಅಪರೂಪದ ನ್ಯಾಯಬುದ್ಧಿ ಡಿಪೋದ ಗೋಡೆಯೊಳಗೇ ಉಳಿದುಹೋಗಬಾರದು ಎಂಬ ಒಂದೇ ಸದುದ್ದೇಶದಿಂದ ಇದನ್ನು ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಅಪ್ಪನ ಹೆಸರು ರಂಗರಾಜು. ಮಧುಗಿರಿಯಿಂದ ಪಾವಗಡಕ್ಕೆ ಬೆಳಗಿನ ಬಸ್ಸು ಓಡಿಸುತ್ತಾರೆ, ಅಂದರೆ ಓಡಿಸುತ್ತಿದ್ದರು. ಅವರ ಗೊರಕೆ ನಮ್ಮ ಬೀದಿಯ ಸಾರ್ವಜನಿಕ ಆಸ್ತಿ. ಅದನ್ನು ಯಥಾವತ್ತಾಗಿ ಅನುಕರಿಸಿ ತೋರಿಸಿ ನಾನು ಕಾಲೇಜಿನಲ್ಲಿ ಸಾಕಷ್ಟು ಹೆಸರು ಮಾಡಿದ್ದೇನೆ. ಆದರೆ ಗೊರಕೆಯ ನಡುವೆ ಉಸಿರೇ ನಿಂತು, ಗಕ್ಕನೆ ಎದ್ದು ಕೂರುವುದನ್ನು ಅನುಕರಿಸಲು ನನಗೂ ಧೈರ್ಯ ಬರಲಿಲ್ಲ. ವೈದ್ಯರು ಅದಕ್ಕೆ ಸ್ಲೀಪ್ ಆಪ್ನಿಯ ಅಂದರು. ರಾತ್ರಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಗಾಳಿ ಒತ್ತುವ ಯಂತ್ರ ಹಾಕಿಕೊಂಡು ಮಲಗಬೇಕು ಅಂದರು. ಯಂತ್ರ ನಿಮ್ಮ ಕಚೇರಿಯ ಕಲ್ಯಾಣ ವಿಭಾಗದಿಂದಲೇ ಬಂತು. ಅಪ್ಪ ಹಗಲಲ್ಲಿ ತೂಕಡಿಸುವುದು ನಿಂತಿತು. ಅದಕ್ಕೆ ನಿಮಗೆ ಧನ್ಯವಾದ; ಈ ಪತ್ರದಲ್ಲಿ ಇನ್ನೊಂದು ಸಿಗುವುದಿಲ್ಲ, ಜೋಪಾನವಾಗಿಟ್ಟುಕೊಳ್ಳಿ.

ಯಂತ್ರದ ಜೊತೆ ಬಂದ ಮಾಸ್ಕು ಎಲ್ಲ ಚಾಲಕರಿಗೂ ಒಂದೇ ಅಳತೆಯದು. ಯಾರ ಮುಖದ ಅಳತೆ? ನಮ್ಮ ತನಿಖೆಯ ಪ್ರಕಾರ ಆನೆಯದ್ದು. ಅಪ್ಪನ ಮೂಗಿನ ಮೇಲ್ಗಡೆ ಬೆರಳು ತೂರುವಷ್ಟು ಸಂದಿ. ಪಟ್ಟಿ ಬಿಗಿದಷ್ಟೂ ಕೆನ್ನೆಗೆ ಬರೆ ಬಿತ್ತೇ ಹೊರತು ಸಂದಿ ಮುಚ್ಚಲಿಲ್ಲ. ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ನಾನು ಮಾಸ್ಕಿನ ಅಂಚಿಗೆ ಮುಖದ ಪೌಡರ್ ಉದುರಿಸಿದೆ. ಅದು ನೆಟ್ಟಗೆ ಮೇಲಕ್ಕೆ ಹಾರಿ ಅಪ್ಪನ ಹುಬ್ಬನ್ನು ಬೆಳ್ಳಗೆ ಮಾಡಿತು. "ಲೇ, ನನ್ನ ಮದ್ವೆ ಗಂಡು ಮಾಡ್ತಿದ್ದೀಯೇನ್ಲಾ" ಅಂದರು. ಮಗಳಾದ ನನ್ನನ್ನೂ 'ಲಾ' ಅನ್ನುವುದು ಅವರ ವಾಡಿಕೆ. ರಾತ್ರಿಯೆಲ್ಲ ಹಾಗೆ ಗಾಳಿ ಬಡಿದರೆ ಕಣ್ಣು ಒಣಗಿ ಕೆಂಪಾಗದೆ ಇನ್ನೇನಾಗಬೇಕು?

ಇನ್ನು ತಮ್ಮ ಬೆಳಗಿನ ಪೂಜೆ. ಚಾಲಕರನ್ನು ಸಾಲಾಗಿ ನಿಲ್ಲಿಸಿ, ರೆಪ್ಪೆ ಎಳೆದು, ಟಾರ್ಚು ಬಿಟ್ಟು, ಎಮ್ಮೆ ಕೊಳ್ಳಲು ಬಂದವರಂತೆ ಕಣ್ಣು ನೋಡುತ್ತೀರಿ. ಅಪ್ಪನದು ಕೆಂಪಗಿತ್ತು. ಕುಡಿತ ಪತ್ತೆಹಚ್ಚುವ ಊದುವ ಯಂತ್ರ ತರಿಸಿದಿರಿ. ಅದು ಸೊನ್ನೆ ತೋರಿಸಿತು. "ಮೆಷಿನ್ ಕೆಟ್ಟಿದೆ, ನನ್ನ ಕಣ್ಣು ಕೆಟ್ಟಿಲ್ಲ" ಎಂದು ತೀರ್ಪು ಕೊಟ್ಟು ಮನೆಗೆ ಕಳಿಸಿದಿರಿ. ಹೀಗಿರುವಾಗ ಆ ಯಂತ್ರವನ್ನು ಇಟ್ಟುಕೊಂಡಿರುವುದಾದರೂ ಏಕೆ? ಆಯುಧಪೂಜೆಗೆ ಕುಂಕುಮ ಇಡಲೇ?

ತುಮಕೂರಿನ ಕಣ್ಣಿನ ಡಾಕ್ಟರು ಚೀಟಿ ಬರೆದರು: ಮಾಸ್ಕಿನ ಅಳತೆ ಬದಲಿಸಿ, ಡ್ರಾಪ್ಸ್ ಹಾಕಿ, ಗಾಳಿ ಯಂತ್ರ ಮಾತ್ರ ನಿಲ್ಲಿಸಬೇಡಿ. ರಾತ್ರಿ ಪದೇಪದೇ ಉಸಿರು ಕಟ್ಟುವ ಕಾಯಿಲೆ ಹಾಗೇ ಬಿಟ್ಟರೆ ಕಣ್ಣಿನ ನರಕ್ಕೂ ಒಳ್ಳೆಯದಲ್ಲ ಅಂದರು. ಮಾಸ್ಕು ಬದಲಾಗಲು ಬೇಕಿದ್ದದ್ದು ತಮ್ಮದೊಂದು ಸಹಿ. ತಾವು ಕೊಟ್ಟದ್ದು ಒಂದು ಉಪದೇಶ: "ಕಣ್ಣು ಬೆಳ್ಳಗೆ ಮಾಡ್ಕೊಂಡು ಬಾ, ಆಮೇಲೆ ಮಾತು."

ಅಪ್ಪ ವಿಧೇಯರು. ಯಂತ್ರ ಬಂದ್ ಮಾಡಿ ಮಲಗತೊಡಗಿದರು. ಕಣ್ಣು ಬೆಳ್ಳಗಾಯಿತು. ಮತ್ತೆ ಗೊರಕೆ, ಮತ್ತೆ ಉಸಿರು ಕಟ್ಟುವುದು. ಟಾರ್ಚಿಗೆ ಇವು ಯಾವುವೂ ಕಾಣಲಿಲ್ಲ. ಬಸ್ಸು ಕೊಟ್ಟಿರಿ.

ಮಿಡಿಗೇಶಿ ದಾಟಿದ ಮೇಲೆ ಅಪ್ಪನ ಕಣ್ಣು ಮುಚ್ಚಿತು. ತೆರೆದಾಗ ಎದುರಿಗೆ ಹುಣಸೆಮರ, ಬಸ್ಸಿನ ಎಡಗಾಲಿ ಮಣ್ಣಿನಲ್ಲಿ. ಬ್ರೇಕು ಒತ್ತಿ ನಿಲ್ಲಿಸಿದರು. ಕೀ ತೆಗೆದು ಕಂಡಕ್ಟರ್ ಕದರಪ್ಪನವರ ಕೈಗಿಟ್ಟು ಕೆಳಗಿಳಿದರು. ಆಮೇಲೆ ನಡೆದದ್ದನ್ನು ಕದರಪ್ಪನವರೇ ನಮ್ಮ ಮನೆಗೆ ಬಂದು ಹೇಳಿದರು.

ವೈ.ಎನ್.ಹೊಸಕೋಟೆಯ ಚಿಕ್ಕಹನುಮಕ್ಕ ಎಂಬ ಅಜ್ಜಿ ಕಿಟಕಿಯಿಂದ ಕೇಳಿದರಂತೆ: "ಏಮಪ್ಪಾ, ಬಸ್ ಕೆಟ್ಟೋಯ್ತಾ?"

"ಬಸ್ ಚೆನ್ನಾಗೈತೆ ಕಣಮ್ಮ. ನಾನೇ ಕೆಟ್ಟಿವ್ನಿ. ನಿದ್ದೆ ಬಂದ್ಬುಡ್ತು. ಇನ್ನೊಂದು ಬಸ್ ಬತ್ತದೆ, ಅದರಾಗೆ ಹೋಗ್ರಿ."

"ಮುಂದಾಗೇ ಹೇಳಿದ್ದು ಒಳ್ಳೇದಾಯ್ತು ಬುಡು ನಾಯ್ನಾ. ಮೊನ್ನೆ ಒಬ್ಬ ಗುದ್ದಿದ ಮೇಲೆ ಹೇಳ್ದ."

ಆ ಅಜ್ಜಿಗಿರುವ ತಿಳಿವಳಿಕೆ ತಮ್ಮ ಕುರ್ಚಿಗಿಲ್ಲ. ತಾವು ಬರೆದದ್ದು "ಮಾರ್ಗಮಧ್ಯದಲ್ಲಿ ವಾಹನ ತ್ಯಜಿಸಿದ ಗುರುತರ ಕರ್ತವ್ಯಲೋಪ, ಮದ್ಯಪಾನದ ಶಂಕೆ ಸಹಿತ". ಹುಣಸೆಮರಕ್ಕೆ ಗುದ್ದಿದ್ದರೆ ಯಾವ ಪದ ಬಳಸುತ್ತಿದ್ದಿರಿ? ಕರ್ತವ್ಯನಿಷ್ಠೆ?

ಸೋಮವಾರ ವಿಚಾರಣೆ. ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ಬಸ್ಸು ಬಿಡಿಸಿ ವರ್ಕ್‌ಶಾಪಿಗೆ ಹಾಕುತ್ತೇವೆ, ಇಲ್ಲವಾದರೆ ಕೆಲಸವೇ ಇಲ್ಲ ಎಂದು ತಮ್ಮ ಕಡೆಯಿಂದ ಮಾತು ಬಂದಿದೆ. ಸ್ಟೀರಿಂಗು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ಮನುಷ್ಯ ಪೆನ್ನು ಹಿಡಿದು ಕೂತಿದ್ದರು. ನಾನು ಪೆನ್ನು ಕಿತ್ತುಕೊಂಡೆ. "ದೊಡ್ಡೋರ ತಂಟೆ ಯಾಕಮ್ಮ" ಅಂದರು. ಅದೇ ಪೆನ್ನಲ್ಲಿ ಈ ಪತ್ರ ಬರೆದಿದ್ದೇನೆ.

ನಮ್ಮ ಬೇಡಿಕೆ ಇಷ್ಟು. ಅಮಾನತು ಹಿಂತೆಗೆಯಿರಿ. ಮಾಸ್ಕಿನ ಅರ್ಜಿಗೆ ಸಹಿ ಹಾಕಿ. ಚಾಲಕರ ಕಣ್ಣನ್ನು ಕಣ್ಣಿನ ಡಾಕ್ಟರಿಗೆ ಬಿಡಿ. ಇದಕ್ಕೆ ಒಪ್ಪಿಗೆಯಿಲ್ಲದಿದ್ದರೆ ಅದೇ ಮಾಸ್ಕನ್ನು ತಾವೇ ಒಂದು ರಾತ್ರಿ ಕಟ್ಟಿಕೊಂಡು ಮಲಗಿ, ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿ. ರೆಪ್ಪೆ ಎಳೆಯಲು ನಾನು ಉಚಿತವಾಗಿ ಬರುತ್ತೇನೆ.

ಅಪ್ಪ ಇವತ್ತಿನಿಂದ ಮತ್ತೆ ಯಂತ್ರ ಹಾಕಿಕೊಂಡೇ ಮಲಗುತ್ತಾರೆ. ಸೋಮವಾರ ತಮ್ಮ ಮುಂದೆ ಕೂರುವ ಕಣ್ಣು ಕೆಂಪಗಿರುತ್ತದೆ. ಅವರು ಏನನ್ನೂ ಬರೆದುಕೊಡುವುದಿಲ್ಲ.

ಇಂತಿ,
ಈ ಪತ್ರಕ್ಕೆ ಉತ್ತರವಾಗಿ ಅಪ್ಪನಿಗೆ ಮತ್ತೊಂದು ನೋಟಿಸು ಬರುತ್ತದೆಂದು ಬಲ್ಲ,
ಆದರೂ ಹೆಸರು ಮುಚ್ಚಿಡದ,
ಸಂಘಮಿತ್ರಾ ರಂಗರಾಜು
ಮಧುಗಿರಿ