ಐದನೆಯದರ ವಿಚಾರ

ಡಿಪೋದಲ್ಲಿ ನಿಂತ ಬಸ್ಸು, ಕೊನೆಯ ಸೀಟು
ಹನ್ನೊಂದನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಊಟ ನಾಲಿಗೆಗೆ ಸೇರದಿದ್ದರೂ ಹೊಟ್ಟೆ ತುಂಬ ತಿನ್ನು. ಓದುವವರಿಗೆ ಹಸಿವು ಜಾಸ್ತಿ ಅಂತ ನಮ್ಮ ಡ್ರೈವರ್ ಹೇಳುತ್ತಾನೆ. ಅವನು ಏನು ಓದಿದ್ದಾನೋ ದೇವರೇ ಬಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ ಯಾರಿಗೂ ಜ್ವರವಿಲ್ಲ, ಮಿಕ್ಕಿದ್ದು ಕೇಳಬೇಡ. ಈ ಕಾಗದ ಬರೆಯಲು ಮನೆಯಲ್ಲೇ ಎರಡು ಸಲ ಕೂತಿದ್ದೆ. ಮೊದಲ ಸಲ ನಮ್ಮ ಚಿಕ್ಕವನು ಪೆನ್ನು ಕಚ್ಚಿ ತುಟಿಯೆಲ್ಲ ನೀಲಿ ಮಾಡಿಕೊಂಡ. ಎರಡನೇ ಸಲ ತಮ್ಮನ ಹೆಂಡತಿ ಬಂದು, ‘ಭಾವ, ಸ್ವಲ್ಪ ಏಳ್ತೀರಾ, ಇವ್ರು ನೈಟ್ ಡ್ಯೂಟಿ ಮುಗಿಸಿ ಬಂದ್ರು, ಮಲಗ್ಬೇಕು’ ಅಂದಳು. ಎರಡು ಕೋಣೆ, ಹನ್ನೊಂದು ಜನ. ಒಬ್ಬರು ಕೂರಬೇಕಾದರೆ ಇನ್ನೊಬ್ಬರು ಏಳಬೇಕು. ಅದಕ್ಕೇ ರಜದ ದಿನವೂ ಡಿಪೋಗೆ ಬಂದು ನನ್ನ ಬಸ್ಸಿನಲ್ಲೇ ಕೂತಿದ್ದೇನೆ. ದಿನವಿಡೀ ಉಸಿರಾಡಲು ಸಂದಿಲ್ಲದ ಬಸ್ಸಿನಲ್ಲಿ ‘ಒಳಗೆ ಹೋಗಿ, ಒಳಗೆ ಜಾಗ ಇದೆ’ ಅಂತ ಹಸಿ ಸುಳ್ಳು ಕೂಗುವ ಕಂಡಕ್ಟರಿಗೆ ಖಾಲಿ ಬಸ್ಸು ಅರಮನೆ ಕಣೇ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲೆಂದೇ ಕೂತದ್ದು. ಅಮ್ಮ ನಿನಗೆ ಬರೆಸಿದ ಕಾಗದದಲ್ಲಿ ಐದನೆಯ ಮಗುವಿನ ಮಾತೆತ್ತಿದ್ದಾಳೆ ಅಂತ ನಿನ್ನ ಕಾಗದ ಬಂದ ಮೇಲೆಯೇ ನನಗೆ ಗೊತ್ತಾದದ್ದು. ‘ನಾನು ಟೀಚರ್ ಆಗಿ ಬಂದು ಮತ್ತೆ ಬಸುರಿಯಾಗಿ ಮನೆಯಲ್ಲಿ ಕೂರೋದೇ ಆದ್ರೆ ಈಗಲೇ ಹೇಳಿಬಿಡಿ, ಈ ರಜದಲ್ಲೇ ಗಂಟುಮೂಟೆ ಕಟ್ಟಿಕೊಂಡು ಬಂದುಬಿಡ್ತೀನಿ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಬರೆದು ಅಂಚೆಗೆ ಹಾಕಬಹುದಿತ್ತು. ಆದರೆ ನನ್ನ ಸ್ವಭಾವ ನಿನಗೆ ಗೊತ್ತೇ ಇದೆ, ಊರೆಲ್ಲ ಸುತ್ತಿ ಬರದೆ ನನಗೆ ಮನೆ ಸಿಗುವುದಿಲ್ಲ. ಮೊದಲು ದೊಡ್ಡವಳ ವಿಷಯ ಹೇಳಬೇಕು. ಬೈಯಬೇಡ. ಬೈಯಲೇಬೇಕು ಅನ್ನಿಸಿದರೆ ಪೂರ್ತಿ ಓದಿ ಆಮೇಲೆ ಬೈ.

ನೀನು ಹೋದ ಸ್ವಲ್ಪ ದಿನಕ್ಕೆ ಚಿಕ್ಕವನಿಗೆ ಭೇದಿ ಹಿಡಿಯಿತು, ಅಮ್ಮನ ಮಂಡಿನೋವು ಜೋರಾಯಿತು. ‘ದೊಡ್ಡವಳು ನಾಲ್ಕು ದಿನ ಮನೇಲಿದ್ದು ಮಗೂನ ನೋಡ್ಕೊಳ್ಳಲಿ, ಸ್ಕೂಲೇನು ಓಡಿಹೋಗತ್ತಾ’ ಅಂದಳು ಅಮ್ಮ. ನಾನೂ ತಲೆಯಾಡಿಸಿದೆ. ಆ ನಾಲ್ಕು ದಿನ ಬೆಳೆದು ಒಂದು ತಿಂಗಳಿಗೂ ಮೀರಿತು. ಮಗು ಸರಿಹೋದ, ಆದರೂ ದೊಡ್ಡವಳು ಮನೆಯಲ್ಲೇ ಉಳಿದಳು. ಅವಳು ತುಟಿಪಿಟಕ್ ಅನ್ನಲಿಲ್ಲ. ಸ್ಕೂಲಿನಿಂದಲೂ ಯಾರೂ ಕೇಳಲಿಲ್ಲ; ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಒಂದೊಂದು ಕ್ಲಾಸಿನಲ್ಲೂ ಜಾತ್ರೆಯಷ್ಟು ಮಕ್ಕಳು. ಮೂರು ಜನ ಕೂರುವ ಬೆಂಚಿನಲ್ಲಿ ಐದು ಜನ. ಒಬ್ಬಳು ಬರದಿದ್ದರೆ ಉಳಿದವರು ಆರಾಮವಾಗಿ ಕೂರುತ್ತಾರೆ, ಯಾರು ತಾನೇ ಹುಡುಕಿಕೊಂಡು ಬರುತ್ತಾರೆ? ನಿಜ ಹೇಳಲಾ, ನನಗೂ ಸುಖವಾಗಿಯೇ ಇತ್ತು. ಬಂದ ಕೂಡಲೇ ಬಿಸಿ ಟೀ, ಮಡಿಸಿಟ್ಟ ಯೂನಿಫಾರಂ, ಅಳದ ಮಗು. ಹದಿಮೂರು ವರ್ಷದ ಹುಡುಗಿ ನಿನ್ನಂತೆಯೇ ಸೆರಗಿಲ್ಲದ ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು ಓಡಾಡುವುದನ್ನು ನೋಡಿ ಹೆಮ್ಮೆಪಟ್ಟೆ, ನನ್ನ ಬುದ್ಧಿಗಿಷ್ಟು.

ಒಂದು ದಿನ ಬೆಳಗಿನ ಟ್ರಿಪ್ಪಿನಲ್ಲಿ ಅವಳ ಕ್ಲಾಸಿನ ಹುಡುಗಿಯರ ಹಿಂಡು ಹತ್ತಿತು. ಅವರಲ್ಲೊಬ್ಬಳು, ಎರಡು ಜಡೆಯ ಚೋಟುದ್ದದ ಹುಡುಗಿ, ನನ್ನ ತೋಳು ತಟ್ಟಿ, ‘ಅಂಕಲ್, ಅವಳಿಗೆ ಮದ್ವೆ ಆಯ್ತಾ?’ ಅಂತ ಕೇಳಿದಳು. ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ‘ನಮ್ಮ ಕ್ಲಾಸಲ್ಲಿ ಬರೋದು ಬಿಟ್ರೆ ಹಾಗೇ ಅಂದ್ಕೋತೀವಿ. ಈ ವರ್ಷ ಇಬ್ರಿಗೆ ಆಯ್ತು’ ಅಂದಳು, ಮಳೆ ಬಂತು ಅನ್ನುವಷ್ಟು ಸಲೀಸಾಗಿ. ಆಮೇಲೆ ಏನು ಕೇಳಿದಳು ಗೊತ್ತಾ? ‘ಹಾಗಾದ್ರೆ ಅವಳ ಜಾಗದಲ್ಲಿ ನಾನು ಕೂತ್ಕೋಬಹುದಾ ಅಂಕಲ್? ಕಿಟಕಿ ಪಕ್ಕ ಇದೆ.’ ಸೀಟಿ ಬಾಯಲ್ಲೇ ಇದ್ದರೂ ಊದುವುದು ಮರೆತುಹೋಯಿತು. ಎರಡು ಸ್ಟಾಪ್ ಹಾಗೇ ದಾಟಿ, ಇಳಿಯಬೇಕಾದವರೆಲ್ಲ ನನ್ನ ಜನ್ಮ ಜಾಲಾಡಿದರು, ಒಬ್ಬ ಮುದುಕ ‘ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ದೀಯಾ’ ಅಂತ ಕೇಳಿಯೇಬಿಟ್ಟ. ನನಗೆ ನಿನ್ನ ನೆನಪಾಯಿತು. ಹದಿನಾರಕ್ಕೆ ನಿನ್ನನ್ನು ಸ್ಕೂಲು ಬಿಡಿಸಿ ನನಗೆ ಕೊಟ್ಟರಲ್ಲ, ನಿನ್ನ ಜಾಗದಲ್ಲೂ ಮಾರನೇ ದಿನ ಯಾರೋ ಹೀಗೇ ಕೂತಿರುತ್ತಾರೆ. ನಾನು ಹೊಸ ಶರ್ಟು ಹಾಕಿಕೊಂಡು ಹಲ್ಲು ಕಿಸಿಯುತ್ತ ನಿಂತಿದ್ದೆ, ಇಷ್ಟು ವರ್ಷ ಅದರ ಯೋಚನೆಯೇ ಬಂದಿರಲಿಲ್ಲ.

ಅವತ್ತೇ ಸಂಜೆ, ನಾಳೆಯಿಂದ ದೊಡ್ಡವಳು ಸ್ಕೂಲಿಗೆ ಹೋಗುತ್ತಾಳೆ ಅಂದೆ. ‘ಮಗೂನ ಯಾರು ನೋಡ್ಕೋತಾರೆ, ನಿನ್ನ ಬಸ್ಸಾ?’ ಅಂದಳು ಅಮ್ಮ. ‘ನಾನೇ ನೋಡ್ಕೋತೀನಿ’ ಅಂದೆ. ಮನೆಗೆ ಮನೆಯೇ ಬಿದ್ದು ಬಿದ್ದು ನಕ್ಕಿತು. ನಗಲಿ ಬಿಡು. ಡಿಪೋದಲ್ಲಿ ಎರಡನೇ ಪಾಳಿ ಕೇಳಿ ತಗೊಂಡೆ. ಈಗ ಮಧ್ಯಾಹ್ನದವರೆಗೆ ಚಿಕ್ಕವನು ನನ್ನ ಸೊಂಟದ ಮೇಲೆ. ನೀರಿಗೆ, ಕಕ್ಕಸ್ಸಿಗೆ, ಎಲ್ಲಾ ಕ್ಯೂಗಳಲ್ಲೂ ನಾವಿಬ್ಬರೂ ಜೋಡಿ. ಮೊನ್ನೆ ನನ್ನ ಸೀಟಿ ಕದ್ದು ಮೆಟ್ಟಿಲ ಮೇಲೆ ನಿಂತು ಊದಿದ ನೋಡು, ಕೊಡ ಹಿಡಿದಿದ್ದ ಹೆಂಗಸರೆಲ್ಲ ಬೆಚ್ಚಿಬಿದ್ದು ಅವನಿಗಲ್ಲ, ನನಗೆ ಬೈದರು. ನಾಲ್ಕು ಮಕ್ಕಳನ್ನು ನೀನು ಹೇಗೆ ಸಂಭಾಳಿಸಿದೆಯೇ ತಾಯಿ? ಒಂದಕ್ಕೇ ನನ್ನ ಬೆನ್ನು ಬಿದ್ದುಹೋಗಿದೆ. ದೊಡ್ಡವಳು ಮತ್ತೆ ಸ್ಕೂಲಿಗೆ ಹೋದ ದಿನ ಅವಳ ಜಾಗದಲ್ಲಿ ಆ ಎರಡು ಜಡೆಯವಳು ಕೂತಿದ್ದಳಂತೆ. ಈಗ ಬೆಂಚಿನಲ್ಲಿ ಆರು ಜನ. ‘ಒಂದು ಕಾಲು ಹೊರಗಿಟ್ಕೊಂಡು ಕೂರ್ತೀನಪ್ಪ, ಏನಾಗಲ್ಲ’ ಅಂದಳು ನಮ್ಮವಳು.

ಅಮ್ಮನ ಮೇಲೆ ನೀನು ಕೋಪ ಮಾಡಿಕೊಳ್ಳಬೇಡ. ಒಂದು ಬೆಳಿಗ್ಗೆ ಅವಳು ಕಾಳು ಆರಿಸುತ್ತಿದ್ದಾಗ ಹತ್ತಿರ ಕೂತು, ಒಂಬತ್ತು ಹೆತ್ತೆಯಲ್ಲಮ್ಮ, ನಿನಗೆ ಅಷ್ಟೂ ಬೇಕಿತ್ತಾ ಅಂತ ಕೇಳಿದೆ. ಕೈ ನಿಲ್ಲಿಸದೆಯೇ, ‘ಬೇಕಾ ಅಂತ ಇವತ್ತಿನವರೆಗೆ ಯಾರು ಕೇಳಿದ್ರು? ಯಾವುದು ಉಳಿಯತ್ತೋ ಯಾವುದು ಹೋಗತ್ತೋ ಗೊತ್ತಿರ್ತಿರ್ಲಿಲ್ಲ. ಒಂದೆರಡು ಹೆಚ್ಚಿಗೇ ಇರ್ಲಿ ಅಂತ ಹೆತ್ತೆ. ಮೂರು ಹೋದ್ವು’ ಅಂದಳು. ಆ ಮೂರರ ಹೆಸರು ಅವಳ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ, ಅವತ್ತು ಒಂದೊಂದಾಗಿ ಹೇಳಿದಳು. ನನ್ನ ಕಣ್ಣು ತುಂಬಿತು. ನಮ್ಮ ನಾಲ್ಕಕ್ಕೂ ಸೂಜಿ ಹಾಕಿಸಿದ್ದೇವೆ, ನಾಲ್ಕೂ ಗುಂಡುಕಲ್ಲಿನಂತಿವೆ, ಇನ್ನು ಹೆಚ್ಚಿಗೆ ಯಾಕಮ್ಮ ಅಂದೆ. ಕಾಳಿನಿಂದ ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ, ‘ಆದ್ರೂ ಗಂಡು ಒಂದೇ ಆಯ್ತಲ್ಲೋ, ಅವನಿಗೊಂದು ಜೊತೆ ಇದ್ದಿದ್ರೆ...’ ಅಂದಳು. ನಮ್ಮಮ್ಮ ನಮ್ಮಮ್ಮನೇ.

ಇನ್ನೊಂದು ಸುದ್ದಿ. ಕಳೆದ ವಾರ ಹೆರಿಗೆ ಆಸ್ಪತ್ರೆಯ ನರ್ಸಮ್ಮ ಡಿಪೋಗೆ ಬಂದು ಬರೀ ಗಂಡಸರನ್ನು ಕೂರಿಸಿಕೊಂಡು ಗಂಡಸರ ಆಪರೇಷನ್ ಬಗ್ಗೆ ಮಾತಾಡಿದಳು. ಡ್ರೈವರುಗಳು, ಮೆಕ್ಯಾನಿಕ್ಕುಗಳು ಎಲ್ಲ ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಿಕಿಸಿ. ಸುಮ್ಮನಿದ್ದರೆ ನಾನು ನಾನೇ ಅಲ್ಲ. ‘ಸಿಸ್ಟರ್, ಅದಾದ್ಮೇಲೆ ಬಸ್ ಹತ್ತೋಕಾಗತ್ತಾ?’ ಅಂತ ಕೂಗಿದೆ. ‘ನಿಮಗೆಷ್ಟು ಮಕ್ಕಳು?’ ಅಂದಳು. ನಾಲ್ಕು ಅಂದೆ. ‘ನಾಲ್ಕು ಹೆತ್ತ ಮೇಲೂ ನಿಮ್ಮ ಹೆಂಡ್ತಿ ಬಸ್ ಹತ್ತಲಿಲ್ವಾ?’ ಅಂದಳು. ಎಲ್ಲರ ನಗುವೂ ನನ್ನ ಕಡೆ ತಿರುಗಿತು. ಆಮೇಲೆ ಅವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಹುಡುಗೀರು ಪೂರ್ತಿ ಓದಿದ ಮನೆಯವರು ನನ್ನ ಹತ್ರ ಎರಡು ಸಲ ಬರ್ತಾರೆ, ಬಿಡಿಸಿದ ಮನೆಯವರು ಬರ್ತಾನೇ ಇರ್ತಾರೆ. ಆದ್ರೆ ಪಾಠ ಹುಡುಗೀರಿಗೆ ಮಾತ್ರ ಸಾಕಾ?’ ನಮ್ಮ ಡ್ರೈವರ್ ಹೊರಗೆ ಬಂದು, ಅದೆಲ್ಲ ಮಾಡಿಸಿಕೊಂಡರೆ ಸ್ಟೀರಿಂಗ್ ತಿರುಗಿಸುವ ತಾಕತ್ತೇ ಹೋಗುತ್ತೆ ಅಂತ ದೊಡ್ಡ ಭಾಷಣ ಬಿಗಿದ. ನಾನು ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಡದೆ ಇದ್ದದ್ದನ್ನು ಕಂಡು ಅವನೇ ಗಾಬರಿಯಾದ.

ನೋಡು, ಹಾಳೆ ಮುಗಿಯುತ್ತ ಬಂತು, ಮನೆಗೆ ಹೋಗುವ ಹೊತ್ತೂ ಆಯಿತು. ನಡುವಿನವರಿಬ್ಬರೂ ನಿನಗೆ ಮುತ್ತು ಹೇಳಿದ್ದಾರೆ, ಒಬ್ಬಳಿಗಿಂತ ಒಂದು ಹೆಚ್ಚಿಗೆ ಹೇಳಬೇಕು ಅಂತ ಇನ್ನೊಬ್ಬಳ ಜಗಳ. ದೊಡ್ಡವಳು ನೀನು ಕಳಿಸಿದ ಭಿನ್ನರಾಶಿಯ ಲೆಕ್ಕಗಳನ್ನು ಮುಗಿಸಿದ್ದಾಳೆ. ಅಮ್ಮ ನಿನ್ನ ಕೆಮ್ಮಿಗೆ ಬಿಸಿನೀರು ಕುಡಿ ಅಂದಿದ್ದಾಳೆ. ಮೈ ಕಡೆ ಗಮನವಿರಲಿ, ನಿನಗೆ ಎಲ್ಲಾ ಒಳ್ಳೆಯದಾಗಲಿ.

ಇಂತಿ ನಿನ್ನ,
‘ರೀ’

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ, ಬರೆಯಲು ನಾಚಿಕೆಯಾಯಿತು. ಐದನೆಯದು ಇಲ್ಲ. ಗುರುವಾರ ಹೋಗಿ ನಾನೇ ಆಪರೇಷನ್ ಮಾಡಿಸಿಕೊಂಡು ಬಂದೆ. ಟೀ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ, ಹೆದರಿದ್ದೇ ಹೆಚ್ಚು. ಅಮ್ಮನಿಗೆ ಬಸ್ಸಿನ ಮೆಟ್ಟಿಲಲ್ಲಿ ಜಾರಿದೆ ಅಂದಿದ್ದೇನೆ. ಎಣ್ಣೆ ಬಿಸಿ ಮಾಡಿಕೊಂಡು ‘ಎಲ್ಲೋ ನೋವು, ತೋರ್ಸೋ’ ಅಂತ ಬೆನ್ನು ಹತ್ತಿದ್ದಾಳೆ. ನಿಜವನ್ನು ನಾನೇ ಹೇಳುತ್ತೇನೆ, ನಿನ್ನ ತಲೆಗೆ ಕಟ್ಟಲು ಬಿಡುವುದಿಲ್ಲ. ಇನ್ನು ಮೂರು ತಿಂಗಳು ಹುಷಾರಾಗಿರಬೇಕು, ಅಲ್ಲಿಯವರೆಗೆ ಮಗು ನಿಂತರೂ ನಿಲ್ಲಬಹುದು, ಆಮೇಲೆ ಟೆಸ್ಟ್ ಮಾಡಿ ಹೇಳುತ್ತೇವೆ ಅಂದಿದ್ದಾರೆ ಡಾಕ್ಟರು. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಈ ರಜಕ್ಕೆ ಮನೆಗೆ ಬರಬೇಡ. ನಾನೇ ನಾಲ್ಕನ್ನೂ ಕರೆದುಕೊಂಡು ಬಂದು ಹಾಸ್ಟೆಲ್ ಗೇಟಿನ ಹತ್ತಿರ ಮಾತಾಡಿಸಿಕೊಂಡು ಹೋಗುತ್ತೇನೆ. ಮನೆಗೆ ಬಂದು ನೀನು ಎದುರಿಗೆ ಓಡಾಡಿದರೆ ನಾನು ಹುಷಾರಾಗಿರುವ ಗಂಡಸಲ್ಲ ಅಂತ ನಿನಗೇ ಗೊತ್ತು. ಅಲ್ಲೇ ಕೂತು ಓದು. ಟೀಚರ್ ಆಗಿಯೇ ಬಾ.