ಟೆಂಟಿನ ಮೂರು ನಿಮಿಷ

ನಂಜನಗೂಡು
16-11-2025, ಭಾನುವಾರ

ಪ್ರೀತಿಯ ತಮ್ಮ ಕೃಷ್ಣನಿಗೆ, ಅಕ್ಕ ಪವಿತ್ರ ಬರೆಯುವುದು.

ಪ್ರೀತಿಯ ಅಂತ ರೂಢಿಗೆ ಬರೆದಿದ್ದೀನಿ. ಇವತ್ತು ಅದು ಎಷ್ಟು ಉಳಿದಿದೆ ಅನ್ನೋದು ಕಾಗದ ಮುಗಿಯೋ ಹೊತ್ತಿಗೆ ನಿನಗೇ ಗೊತ್ತಾಗುತ್ತೆ. ಮೊದಲು ಮೈ ಹೇಗಿದೆ ಹೇಳು. ಗ್ಯಾಸ್ಟ್ರಿಕ್ ಕಮ್ಮಿ ಆಯ್ತಾ? ಆ ಹೈದರಾಬಾದಿನ ಖಾರ ತಿಂದು ಹೊಟ್ಟೆ ಕೆಡಿಸ್ಕೋಬೇಡ, ರಾತ್ರಿ ಹೊತ್ತು ಮಜ್ಜಿಗೆ ಅನ್ನ ಉಣ್ಣು. ಇಲ್ಲಿ ಅಪ್ಪ ಆರೋಗ್ಯವಾಗಿದ್ದಾರೆ, ಬಿಪಿ ಮಾತ್ರೆ ನಾನೇ ನಿಂತು ನುಂಗಿಸ್ತೀನಿ. ನನಗೆ ಸ್ಕೂಲಲ್ಲಿ ಮಕ್ಕಳನ್ನ ಓಡಿಸಿ ಓಡಿಸಿ ಗಂಟಲು ಕೆಟ್ಟಿದೆ. ಪಿಟಿ ಟೀಚರ್ ಗಂಟಲು ಇನ್ನೇನಾಗುತ್ತೆ. ಮೂರು ದಿನದಿಂದ ನಿನಗೆ ಫೋನ್ ಮಾಡಿದರೆ ಯಾವನೋ ಅಸಿಸ್ಟೆಂಟು ಎತ್ತಿ, ಸರ್ ಬ್ಯುಸಿ ಇದ್ದಾರೆ ಅಂತಾನೆ. ಅವನನ್ನೇ ಗದರಿಸಿ ಹೋಟೆಲ್ ವಿಳಾಸ ತಗೊಂಡೆ. ಕಾಗದನಾದರೂ ನೀನೇ ಒಡೆದು ಓದ್ತೀಯ ಅಂತ ಬರೀತಿದ್ದೀನಿ.

ಶುಕ್ರವಾರ ನಿನ್ನ ಸಿನಿಮಾ ನಂಜನಗೂಡಿಗೆ ಬಂತು. ಬೆಳಗ್ಗೆ ಸ್ಕೂಲಲ್ಲಿ ಮಕ್ಕಳ ದಿನಾಚರಣೆ, ಸಂಜೆ ಫಸ್ಟ್ ಶೋಗೆ ನಾವು ನಾಲ್ಕು ಜನ ಹೊರಟೆವು. ಅಪ್ಪ, ನಾನು, ನನ್ನ ಮಗಳು ಮಿತ್ರ, ಅಪ್ಪನ ಅಕ್ಕ ಚಲುವತ್ತೆ. ಅತ್ತೆಯನ್ನ ಹೆಮ್ಮಿಗೆಯಿಂದ ನಾನೇ ಹೋಗಿ ಕರ್ಕೊಂಡು ಬಂದಿದ್ದೆ. ಅಪ್ಪ ಇಸ್ತ್ರಿ ಹಾಕಿದ ಬಿಳಿ ಶರ್ಟು ಹಾಕಿದ್ದರು, ಲೈನ್‌ಮನ್ ಕೆಲಸದಿಂದ ರಿಟೈರ್ ಆದ ದಿನ ಹಾಕ್ಕೊಂಡಿದ್ದರಲ್ಲ, ಅದೇ. ಯಾಕೆ ಅಂತ ನಿನಗೆ ಗೊತ್ತು. ಐವತ್ತೇಳು ವರ್ಷ ಬಾಯಿ ಬಿಡದ ಮನುಷ್ಯ ನಿನಗೊಬ್ಬನಿಗೆ ತಮ್ಮ ಹುಡುಗತನದ ಆ ಕತೆ ಬಾಯಿ ಬಿಟ್ಟು ಹೇಳಿದ್ದರು, ಸಿನಿಮಾ ಮಾಡ್ತೀನಿ ಅಂದಾಗ ಹೂಂ ಅಂದಿದ್ದರು. ನನ್ನ ಹತ್ತಿರ ಅವರು ಅಂದದ್ದು ಒಂದೇ ಮಾತು: "ಮಿತ್ರಂಗೆ ನಾನು ಬಾಯಲ್ಲಿ ಏಳಕಾಗಕಿಲ್ಲ ಕಣವ್ವ, ನೋಡ್ಕಳ್ಲಿ." ಆ ಮಗು ತನ್ನ ತಾತನ್ನ ತಿಳ್ಕೋಬೇಕು ಅಂತ ಅವರಿಗೆ ಅಷ್ಟು ಆಸೆ.

ಬಾಗಿಲಲ್ಲಿ ಟಿಕೆಟ್ ಹರಿಯೋನು ನಂಜುಂಡೇಶ್. ನನ್ನ ಹತ್ತಿರ ಕಬಡ್ಡಿ ಕಲಿತವನು. ಮಿತ್ರನ್ನ ನೋಡಿದವನೇ ಕೈ ಅಡ್ಡ ಹಿಡಿದ. "ಮೇಡಂ, ಎ ಸರ್ಟಿಫಿಕೇಟು. ಮಗೀನ ಬಿಟ್ರೆ ನನ್ನ ಕೆಲ್ಸ ಓಯ್ತದೆ" ಅಂದ. ಇದೇ ನಂಜುಂಡೇಶ ಹೋದ ವರ್ಷ ಇದೇ ಬಾಗಿಲಲ್ಲಿ ನಿಂತು ನಿನ್ನ ಇದೇ ಸ್ಟಾರಿನ ಸಿನಿಮಾಕ್ಕೆ ನಮ್ಮ ಸ್ಕೂಲಿನ ಅರ್ಧ ಆರನೇ ಕ್ಲಾಸನ್ನ ಅವರವರ ಅಪ್ಪ ಅಮ್ಮನ ಜೊತೆ ಒಳಗೆ ಬಿಟ್ಟಿದ್ದ. ಅದರಲ್ಲಿ ಮಚ್ಚು ಬೀಸಿದ ಹಾಗೆಲ್ಲ ತಲೆ ಉರುಳ್ತಿದ್ದವು. ಅದಕ್ಕೆ ಯುಎ, ದೊಡ್ಡವರು ಜೊತೇಲಿದ್ದರೆ ಸಾಕು. ಸೋಮವಾರ ಗ್ರೌಂಡಿನಲ್ಲಿ ಹುಡುಗರೆಲ್ಲ ಸ್ಕೇಲು ಹಿಡ್ಕೊಂಡು ಒಬ್ಬರ ಕತ್ತು ಒಬ್ಬರು ಕುಯ್ಯೋ ಆಟ ಆಡಿದರು. ಪಾಪ, ನಂಜುಂಡೇಶನ್ನ ಬೈದು ಏನು ಮಾಡಲಿ, ಅವನ ಹೊಟ್ಟೆಪಾಡು. ನಿನ್ನ ಸಿನಿಮಾದಲ್ಲಿ ಟೆಂಟಿನ ಸೀನು ಇದ್ದರೆ ಎ, ತೆಗೆದರೆ ಯುಎ ಅಂತ ಸೆನ್ಸಾರಿನವರು ಅಂದಾಗ ನೀನು ತೆಗೆಯಲ್ಲ ಅಂತ ಹಟ ಹಿಡಿದೆಯಂತೆ. ಅವತ್ತು ನಿನ್ನ ಮೇಲೆ ಎಷ್ಟು ಹೆಮ್ಮೆ ಪಟ್ಟಿದ್ದೆ ಗೊತ್ತಾ. ಆದರೆ ಬಾಗಿಲಲ್ಲಿ ನಿಂತಾಗ ನನಗೆ ಹೊಳೆದದ್ದು ಬೇರೆ. ಅಪ್ಪನಿಗೆ ಟೆಂಟಿನ ಆ ಅವಮಾನ ಆದಾಗ ಹನ್ನೊಂದು ವರ್ಷ. ಮಿತ್ರನಿಗೆ ಈಗ ಹನ್ನೆರಡು. ಹನ್ನೊಂದು ವರ್ಷದ ಮಗು ಅನುಭವಿಸಬಹುದು, ಹನ್ನೆರಡು ವರ್ಷದ ಮಗು ನೋಡಬಾರದು. ಇದು ಯಾವ ಸೀಮೆ ನ್ಯಾಯ ಕಣೋ?

ಅಪ್ಪ, ನೀವಿಬ್ಬರು ನೋಡ್ಕೊಂಡು ಬನ್ನಿ ಅಂತ ನಮ್ಮನ್ನ ಒಳಗೆ ಕಳಿಸಿ, ಮಿತ್ರನ ಕೈ ಹಿಡ್ಕೊಂಡು ಎದುರಿನ ಟೀ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತರು. ತನ್ನದೇ ಕತೆ ಒಳಗೆ ನಡೀತಿರೋವಾಗ ನಮ್ಮಪ್ಪ ಹೊರಗೆ ಕೂತಿದ್ದರು ಕೃಷ್ಣ. ಎರಡನೇ ಸಲ.

ಇನ್ನು ನಿನ್ನ ಸ್ಟಾರು. ಆತನ ಹೆಸರು ಬರೆಯಲ್ಲ, ಪೆನ್ನಿಗೆ ಮೈಲಿಗೆ. ಮೈಲಿಗೆ ಅಂದರೇನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು! ನಮ್ಮಪ್ಪ ಹುಚ್ಚಯ್ಯ ಕರೆಂಟ್ ಕಂಬ ಹತ್ತೋ ಕಡ್ಡಿಯಂಥ ಮನುಷ್ಯ. ನೀನು ತಂದದ್ದು ಜಿಮ್ಮಿನಲ್ಲಿ ಬೆಳೆದ ತೋಳಿನ, ಕೆನ್ನೆ ಕೆಂಪಿನ, ನಲವತ್ತೈದು ದಾಟಿದ ಮಹಾಶಯನ್ನ. ಅವನಿಗೆ ಮಸಿ ಬಳಿದು ಇಪ್ಪತ್ತರ ಹುಡುಗ ಅಂದೆ. ಬಳಿಯೋದಾದರೂ ನೆಟ್ಟಗೆ ಬಳಿಯಬಾರದಾ? ತಿರುಗಿದಾಗೆಲ್ಲ ಕಿವಿಯ ಹಿಂದೆ ಬೆಳ್ಳಗೆ ಕಾಣ್ತಿತ್ತು. ನಮ್ಮ ಬಣ್ಣದ ಹುಡುಗರು ನಮ್ಮ ಕೇರಿಯಲ್ಲೇ ಇಪ್ಪತ್ತು ಜನ ಇದ್ದರು, ನಾಟಕ ಕಲಿತವರೂ ಇದ್ದರು, ನೀನೇ ಅವರನ್ನ ಮೆಚ್ಚಿ ಮಾತಾಡ್ತಿದ್ದೆ. ನಮ್ಮ ಮಾತು ಅವನ ಬಾಯಲ್ಲಿ ಬಿಸಿ ಮುದ್ದೆ ಹಾಗೆ ಅತ್ತ ಇತ್ತ ಹೊರಳ್ತಿತ್ತು. ನಮ್ಮ ಜಾತಿ ಹಿಡಿದು ಬೈಯೋ ಮಾತು ಬಂದ ಕಡೆಯೆಲ್ಲ ಕುಂಯ್ ಅಂತ ಸದ್ದು ಹಾಕಿದ್ದಾರೆ. ಅಪ್ಪನ್ನ ಬೈದಾಗ ಯಾರೂ ಕುಂಯ್ ಅನ್ನಿಸಲಿಲ್ಲ, ಪೂರ್ತಿ ಕೇಳಿಸಿತ್ತು. ಆಮೇಲೆ ಆ ಫೈಟು. ಹೀರೋ ಬೆಳೆದು ದೊಡ್ಡವನಾಗಿ ಬಂದು ಇಪ್ಪತ್ತು ಜನರನ್ನ ಚೆಂಡಾಡಿ ಟೆಂಟಿಗೆ ಬೆಂಕಿ ಇಡ್ತಾನಂತೆ. ಅಪ್ಪ ಯಾರ ಮೇಲೂ ಕೈ ಮಾಡಿದವರಲ್ಲ. ಆಮೇಲೆ ತಮ್ಮ ಮಾನ ಕಳೆದ ಅದೇ ಜನರ ಮನೆಗೆ ಮಳೆಯಲ್ಲಿ ಕಂಬ ಹತ್ತಿ ಕರೆಂಟು ಕೊಟ್ಟರು. ಅದು ನಿನಗೆ ಸಿನಿಮಾ ಅನ್ನಿಸಲಿಲ್ಲವಾ? ಬರೀ ಏಟು ತಿಂದು ಸುಮ್ಮನಿದ್ದರೆ ಅಭಿಮಾನಿಗಳು ಒಪ್ಪಲ್ಲ ಅಂತ ಅವನು ಅಂದನಂತೆ, ನೀನು ತಲೆ ಆಡಿಸಿದೆಯಂತೆ. ಸೆನ್ಸಾರಿನ ಮುಂದೆ ಹುಲಿ, ಸ್ಟಾರಿನ ಮುಂದೆ ಇಲಿ.

ನಾವು ಹೊರಗೆ ಬಂದಾಗ ಅಪ್ಪ ಮಿತ್ರ ಅದೇ ಬೆಂಚಿನ ಮೇಲೆ ಇದ್ದರು. ಮುಂದೆ ಎರಡು ಖಾಲಿ ಟೀ ಲೋಟ, ಮುಟ್ಟದ ಬೋಂಡ. ಅಪ್ಪ ಎಲ್ಲ ಹೇಳಿದ್ದರು. ಬಾಯಲ್ಲೇ. ನರಸೀಪುರದ ಹತ್ತಿರ ಹೊಳೆ ದಂಡೆಯಲ್ಲಿ ಸಿನಿಮಾ ಟೆಂಟು ಹಾಕಿದ್ದು, ಅಕ್ಕ ತಮ್ಮ ನೆಲದ ಟಿಕೆಟ್ಟು ತಗೊಂಡು ಹೋದದ್ದು, ಮಳೆ ಬಿದ್ದು ನೆಲ ಒದ್ದೆಯಾಗಿದೆ ಅಂತ ತಾವು ಬೆಂಚಿನ ತುದಿಯಲ್ಲಿ ಕೂತದ್ದು. ನಾಲ್ಕು ಜನ ಎಳ್ಕೊಂಡು ಹೋಗಿ ಬಟ್ಟೆ ಬಿಚ್ಚಿಸಿ, ಆ ಬಟ್ಟೆ ತಲೆ ಮೇಲೆ ಹೊರಿಸಿ ಟೆಂಟಿನ ಸುತ್ತ ಓಡಿಸಿದ್ದು. ಜನ ನೋಡ್ತಾ ನಿಂತದ್ದು, ಒಳಗೆ ಸಿನಿಮಾ ನಿಲ್ಲದೆ ನಡೆದದ್ದು. ಆಮೇಲೆ ಹದಿನಾಲ್ಕು ವರ್ಷದ ಚಲುವತ್ತೆ ಆ ಗುಂಪನ್ನ ಸೀಳ್ಕೊಂಡು ಬಂದು, ತನ್ನ ಮೈ ಮೇಲಿನ ದಾವಣಿ ಬಿಚ್ಚಿ ತಮ್ಮನಿಗೆ ಸುತ್ತಿ, ಕೈ ಹಿಡ್ಕೊಂಡು ಊರಿನವರೆಗೂ ನಡೆಸ್ಕೊಂಡು ಬಂದದ್ದು. ಮಿತ್ರ ಅಳಲಿಲ್ಲವಂತೆ. ಒಂದೇ ಒಂದು ಕೇಳಿದಳಂತೆ: "ತಾತ, ಅಷ್ಟು ಜನರ ಮಧ್ಯ ಚಲುವಜ್ಜಿ ದಾವಣಿ ಇಲ್ದೆ ಹೆಂಗೆ ಬಂದ್ರು?" ಅಪ್ಪ ಇಷ್ಟು ವರ್ಷ ತಮ್ಮ ಮಾನ ಹೋದದ್ದನ್ನ ಮಾತ್ರ ನೆನೆಸ್ಕೊಂಡಿದ್ದರಂತೆ, ಅಕ್ಕ ತನ್ನದನ್ನ ಪಣಕ್ಕಿಟ್ಟಳು ಅನ್ನೋದು ಅವರಿಗೆ ಹೊಳೆದೇ ಇರಲಿಲ್ಲವಂತೆ. ಎರಡು ದಿನದಿಂದ ಅದನ್ನೇ ಹೇಳ್ಕೊಂಡು ಕೂತಿದ್ದಾರೆ. ಎರಡೂವರೆ ಗಂಟೆಯಲ್ಲಿ ನಿನ್ನ ಸಿನಿಮಾಕ್ಕೆ ಕಾಣದೇ ಇದ್ದದ್ದು ಆ ಮಗುವಿಗೆ ಟೀ ಅಂಗಡಿಯಲ್ಲಿ ಕಾಣಿಸಿತು.

ಈಗ ಇನ್ನೊಂದು ಕೇಳಿದೆ. ಎ ಇದ್ದರೆ ಟೀವಿಯವರು ಹಾಕಲ್ಲವಂತೆ, ಅದಕ್ಕೆ ಟೆಂಟಿನ ಮೂರು ನಿಮಿಷ ಕತ್ತರಿಸಿ ಮತ್ತೆ ಸೆನ್ಸಾರಿಗೆ ಕಳಿಸ್ತೀರಂತೆ. ಈ ಸಲ ನೀನೂ ಒಪ್ಪಿದ್ದೀಯಂತೆ. ನಿನ್ನ ಅಸಿಸ್ಟೆಂಟು ಖುಷಿಯಾಗಿ ಹೇಳಿದ, "ಇನ್ನು ಮಕ್ಕಳೂ ನೋಡಬಹುದು ಮೇಡಂ" ಅಂತ. ಏನನ್ನ ನೋಡೋದು? ಆ ಮೂರು ನಿಮಿಷ ಹೋದರೆ ಅದರಲ್ಲಿ ನಮ್ಮಪ್ಪ ಎಲ್ಲಿದ್ದಾರೆ? ಕಿವಿ ಹಿಂದೆ ಬೆಳ್ಳಗಿರೋ ಒಬ್ಬ ಗಂಡಸು ಕಂಡವರನ್ನೆಲ್ಲ ಹೊಡೆಯೋದು ಮಾತ್ರ ಉಳಿಯುತ್ತೆ. ಹಾಗೇನಾದರೂ ಮಾಡಿದರೆ 'ನನ್ನ ತಂದೆಯ ಬದುಕು' ಅಂತ ಮೊದಲಲ್ಲಿ ಹಾಕಿದ್ದೀಯಲ್ಲ, ಆ ಸಾಲನ್ನೂ ಕಿತ್ತು ಹಾಕು. ನಮ್ಮ ಬದುಕು ನಮಗಿರಲಿ.

ಎಷ್ಟು ಬೈದರೂ ನೀನು ನನ್ನ ತಮ್ಮನೇ, ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಒಳ್ಳೆಯದಾಗಲಿ, ಒಳ್ಳೇ ಬುದ್ಧಿ ಬರಲಿ. ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಅವರಿಗೆ ನಿನ್ನ ಮೇಲೆ ಕೋಪ ಇಲ್ಲವಂತೆ. ಅವರ ಪಾಲಿನದ್ದನ್ನೂ ನಾನೇ ಇಟ್ಕೊಂಡಿದ್ದೀನಿ.

ಇಂತಿ ನಿನ್ನ ಅಕ್ಕ,
ಪವಿತ್ರ

ಮರೆತ ಮಾತು: ಮರೆತಿರಲಿಲ್ಲ, ಬರೆಯೋಕೆ ಕೈ ಬಂದಿರಲಿಲ್ಲ. ಆ ಟೆಂಟಿನ ದಿನದಿಂದ ಚಲುವತ್ತೆ ಯಾವ ಟಾಕೀಸಿನ ಮೆಟ್ಟಿಲೂ ಹತ್ತಿರಲಿಲ್ಲ. "ಅತ್ತೆ, ಇದರಲ್ಲಿ ನೀನಿದ್ದೀಯ" ಅಂತ ನೀನು ಹೇಳಿದ್ದಕ್ಕೇ ಬಂದದ್ದು. ಹುಡುಗ ಕೆಸರಲ್ಲಿ ಬಿದ್ದಾಗ ಅತ್ತೆ ಸೆರಗು ಸರಿ ಮಾಡ್ಕೊಂಡು ನೆಟ್ಟಗೆ ಕೂತು, "ಈಗ ನಾನು ಬತ್ತೀನಿ ಅಲ್ವಾ ಪವಿ" ಅಂದರು. ಪರದೆ ಮೇಲೆ ಒಂದು ಕೈ ಬಂತು. ಅದು ಅತ್ತೆಯದಲ್ಲ, ಆ ಹುಡುಗನೇ ಬೆಳೆದು ದೊಡ್ಡವನಾಗಿ ಎದ್ದು ಬರೋ ನಿನ್ನ ಸ್ಟಾರಿನ ಎಂಟ್ರಿ. ಟಾಕೀಸೆಲ್ಲ ಶಿಳ್ಳೆ, ಪೇಪರ್ ಚೂರು. ಅತ್ತೆ ಕೊನೆಯ ಹೆಸರು ಹೋಗೋವರೆಗೂ ಕಾದರು. ನಾನು ಯಾವತ್ತೂ ಸುಳ್ಳು ಹೇಳದವಳು, ನಿನ್ನ ಮಾನ ಉಳಿಸೋಕೆ ಹೇಳಿದೆ: ನಿಮ್ಮ ಭಾಗ ಕೃಷ್ಣ ಶೂಟಿಂಗ್ ಮಾಡಿದ್ದ, ಸೆನ್ಸಾರಿನವರು ಕತ್ತರಿಸಿಬಿಟ್ಟರು ಅಂತ. ಅತ್ತೆ ಬಸ್ಸು ಹತ್ತಿ ಕೂತು, ಕಿಟಕಿಯಿಂದ ಕೇಳಿದರು: "ಅಂಗಾರೆ ನಾನು ಮಾಡಿದ್ದು ಮಕ್ಳು ನೋಡಬಾರದಂತ ಕೆಲ್ಸನಾ?" ಬಸ್ಸು ಹೊರಟಿತು. ಇದಕ್ಕೆ ಉತ್ತರ ನೀನು ಹೆಮ್ಮಿಗೆಗೆ ಬಂದು ಹೇಳು.