ಹಬೆ ಕೂರದ ಕನ್ನಡಿ

ಸಂಜೆ ಐದೂವರೆ. ಒತ್ತುಗಾಳಿ ವರ್ಷ ನೂರಾ ಹದಿನೇಳು, ಎರಡನೇ ಬೇಸಿಗೆಯ ಮೂವತ್ತನೇ ದಿನ. ಬೆಳಿಗ್ಗೆ ಕೊಳವೆಗಳ ಬಾಯಿ ಒರೆಸಿದೆವು. ಮಧ್ಯಾಹ್ನ ಪಕ್ಕದ ಊರು ಗೋನಾಳದವರು ಬಂದು ನನ್ನ ವಿಚಾರಣೆ ಮಾಡಿದರು. ಆಮೇಲೆ ಎಲ್ಲರೂ ಸೇರಿ ರೊಟ್ಟಿ, ಪುಂಡಿಪಲ್ಯ ಉಂಡೆವು.

ನೀವು ಕಂಪ್ರೆಸರ್ ಕೋಣೆಗಳಲ್ಲಿ ದುಡಿಯುವವರು, ನನಗಿಂತ ಐದು ತಲೆಮಾರು ಹಿಂದಿನವರು. ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಾನು ಅಮರಪ್ಪ, ಏಳನೇ ತರಗತಿವರೆಗೆ ಓದಿದವನು. ದಿನಚರಿ ಬರೆದು ಅಭ್ಯಾಸವಿದೆ, ಪತ್ರ ಬರೆದು ಇಲ್ಲ.

ನಮ್ಮದು ಹಳೆಯ ಚಿನ್ನದ ಗಣಿಯ ಊರು. ಚಿನ್ನ ಮುಗಿದ ಮೇಲೆ ಉಳಿದ ಸುರಂಗಗಳಿಗೆ ಹಗಲೆಲ್ಲ ಬಿಸಿಲಿನ ಬಲದಿಂದ ಗಾಳಿ ಒತ್ತಿ ತುಂಬುತ್ತೇವೆ. ಅದೇ ಒತ್ತುಗಾಳಿ. ಸುತ್ತಲಿನ ಹತ್ತೂರಿನ ಗಿರಣಿ, ಬಾವಿಯ ಪಂಪು ಎಲ್ಲ ತಿರುಗುವುದು ಅದರಿಂದಲೇ. ಆದರೆ ಗಣಿಯಿಂದ ಮೇಲೆ ಬರುವ ಗಾಳಿ ಒದ್ದೆ. ಅದನ್ನು ಮೊದಲು ತಂಪು ಮಾಡಿ ನೀರು ಬಸಿಯುತ್ತೇವೆ. ಉಳಿದ ತೇವವನ್ನು ಆಳೆತ್ತರದ ಹಂಡೆಯಲ್ಲಿ ತುಂಬಿಟ್ಟ ಹೀರುಮಣಿಗಳು ಕುಡಿಯುತ್ತವೆ. ನಿಮ್ಮ ಕಾಲದಲ್ಲಿ ಹೊಸ ಚಪ್ಪಲಿಯ ಡಬ್ಬಿಯೊಳಗೆ ಸಣ್ಣ ಪೊಟ್ಟಣದಲ್ಲಿ ಬರುತ್ತಿದ್ದುವಂತಲ್ಲ, ಆ ಮಣಿಗಳದೇ ವಂಶ. ಒಂದು ಹಂಡೆ ಕುಡಿಯುತ್ತಿರುವಾಗ ಇನ್ನೊಂದನ್ನು ಕಾಯಿಸಿ ಒಣಗಿಸುತ್ತೇವೆ.

ಒಂದೊಂದು ಊರಿನ ಕೊಳವೆ ತೆರೆಯುವ ಮುನ್ನ ಕೊನೆಯ ಪರೀಕ್ಷೆ ಕನ್ನಡಿಯದು. ಗಾಜಿನ ಪೆಟ್ಟಿಗೆಯೊಳಗೆ ತಣ್ಣಗಿಟ್ಟ ಉಕ್ಕಿನ ಕನ್ನಡಿಯ ಮೇಲೆ ಗಾಳಿ ಬಿಡುತ್ತೇವೆ. ಹಬೆ ಕೂತರೆ ಗಾಳಿ ಇನ್ನೂ ಒದ್ದೆ, ತೆರೆಯುವಂತಿಲ್ಲ. ಒತ್ತುಗಾಳಿ ಯಂತ್ರದೊಳಗೆ ಸಡಿಲವಾಗುವಾಗ ವಿಪರೀತ ತಣ್ಣಗಾಗುತ್ತದೆ. ತೇವವಿದ್ದರೆ ಅಲ್ಲೇ ಹೆಪ್ಪುಗಟ್ಟುತ್ತದೆ.

ಇಪ್ಪತ್ತಾರು ವರ್ಷ ಆ ಕನ್ನಡಿ ನೋಡಿದವನು ನಾನು. ಕಳೆದ ತಿಂಗಳು ಹೆಂಡತಿ ಹುಲಿಗೆಮ್ಮ ತೀರಿಕೊಂಡಳು. ಬೆಳಗಿನ ಜಾವ ಅವಳ ಮೂಗಿನ ಬಳಿ ಅವಳದೇ ಕುಂಕುಮದ ಕನ್ನಡಿ ಹಿಡಿದೆ. ಬಹಳ ಹೊತ್ತು ಹಿಡಿದೆ. ಹಬೆ ಕೂರಲಿಲ್ಲ.

ಹನ್ನೆರಡನೇ ದಿನ ಕೆಲಸಕ್ಕೆ ಹೋದೆ. ನಮ್ಮ ಮುಖ್ಯಸ್ಥೆ ಖಾಜಾಬಿ, “ಇನ್ನೆಂಟು ದಿನ ಮನಿಯಾಗ ಇರು ಕಾಕಾ” ಅಂದಳು. ಕೇಳಲಿಲ್ಲ. ಗೋನಾಳದ ಕೊಳವೆಯ ಕನ್ನಡಿ ನೋಡಿದೆ. ಅದರ ಮೇಲೆ ತೆಳ್ಳಗೆ ಹಬೆ ಕೂತಿತ್ತು. ಎಂಥ ಸಮಾಧಾನವಾಯಿತೆಂದರೆ, ಕೈ ತಾನಾಗಿ ಹೋಗಿ ವಾಲ್ವ್ ತಿರುಗಿಸಿತು. ಅರ್ಧ ತಾಸಿನಲ್ಲಿ ಗೋನಾಳದ ಪಂಪಿನೊಳಗೆ ಮಂಜುಗಡ್ಡೆ ಕಟ್ಟಿ ಚಕ್ರದ ರೆಕ್ಕೆ ಮುರಿಯಿತು. ಹನ್ನೊಂದು ದಿನ ಆ ಊರು ಕೊಡ ಹೊತ್ತು ನೀರು ತಂದಿತು.

ಕನ್ನಡಿ ನೋಡುವ ಈ ಕೆಲಸ ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಇಂದು ತೀರ್ಮಾನವಾಗಬೇಕಿತ್ತು. ಮನೆಯಲ್ಲಿ ಅವಳಿಲ್ಲ, ಇದೂ ಹೋದರೆ ಬೆಳಿಗ್ಗೆ ಏಳಲು ನನಗೆ ಕಾರಣವಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಕುಂಕುಮದ ಕನ್ನಡಿಯ ಸಂಗತಿಯನ್ನೂ. ಗೋನಾಳದ ಮುದುಕಿ ದ್ಯಾವಮ್ಮ ಹೆಗಲು ನೀವಿಕೊಳ್ಳುತ್ತಾ, “ಬೈಬೇಕಂತಾನೇ ಬಂದಿದ್ನೆಪ್ಪಾ. ಬೈಗುಳೆಲ್ಲ ದಾರ್ಯಾಗ ಜೋಡಿಸ್ಕೊಂಡಿದ್ದೆ. ಎಲ್ಲಾ ಹಾಳ್ ಮಾಡಿದಿ ನೋಡು” ಅಂದಳು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

“ಕನ್ನಡಿ ಕಾಕಾನೇ ನೋಡ್ಲಿ” ಅಂದಳು ಖಾಜಾಬಿ. “ಜೋಡಿ ನಾನೂ ನಿಲ್ತೀನಿ. ಇಬ್ಬರೂ ಹೂಂ ಅಂದ್ರ ಮಾತ್ರ ತೆರೆಯೋದು.”

“ಎಷ್ಟು ದಿನ ನಿಲ್ತಿ?” ದ್ಯಾವಮ್ಮ ಕೇಳಿದಳು.

“ಕಾಕಾ ನನ್ನ ಬೈದು ಓಡಿಸೋತನಕ.”

ದ್ಯಾವಮ್ಮ ತಲೆಯಾಡಿಸಿದಳು. ಅಷ್ಟೇ ತೀರ್ಮಾನ.

ನಿಮ್ಮಲ್ಲಿ ಒಂದು ಕೇಳಿಕೆ. ಗಾಳಿ ಒಣಗಿಸುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ; ಸರಿಯಾಗಿ ಮಾಡಿದಾಗ ತೋರಿಸಲು ಏನೂ ಉಳಿದಿರುವುದಿಲ್ಲ. ಆದರೂ ನಿಮ್ಮ ಗಾಳಿ ಟ್ಯಾಂಕಿನ ತಳದಲ್ಲಿ ಕೂತ ನೀರನ್ನು ದಿನವೂ ಹೊರಗೆ ಬಿಡಿ. ಸಾವಿನ ಮನೆಯಿಂದ ಬಂದವರನ್ನು ಪರೀಕ್ಷೆಗೆ ಒಬ್ಬರನ್ನೇ ನಿಲ್ಲಿಸಬೇಡಿ. ಅವರ ಕೆಲಸ ಕಸಿದುಕೊಳ್ಳಲೂ ಬೇಡಿ. ಪಕ್ಕದಲ್ಲಿ ಇನ್ನೊಬ್ಬರು ನಿಂತರೆ ಸಾಕು.

ಗೋನಾಳದ ಪಂಪಿಗೆ ಹೊಸ ಚಕ್ರ ಕೂರಿಸಿದ್ದಾರೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಖಾಜಾಬಿಯೂ ನಾನೂ ಕನ್ನಡಿ ನೋಡುತ್ತೇವೆ.